ಎಳೆಯರ ಸಮ್ಮತಿ

ಬೆಂಗಳೂರು ದಂಡಿನ ಪೂರ್ವಕ್ಕಿರುವ ಲಿಂಗರಾಜಪುರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನುಡಿಗಳು ಒಟ್ಟಿಗೆ ಕೇಳಿಬರುತ್ತವೆ. ಅಲ್ಲಿಯ ಹದಿನೈದು ವರ್ಷದ ಬಾಲಕನೊಬ್ಬನು ಮನೋವ್ಯಾಧಿಗೆ ಚಿಕಿತ್ಸೆ ಪಡೆಯುತ್ತಿರುವನೆಂದೂ, ಸಂಶೋಧಕನೊಬ್ಬನು ಅವನ ವೃತ್ತಾಂತವನ್ನು ಕೇಳಬಯಸುವನೆಂದೂ ಭಾವಿಸೋಣ. ಒಪ್ಪಿಗೆ ಕೊಡತಕ್ಕವರು ಯಾರು? ಈ ಪ್ರಶ್ನೆಗೆ ಒಂದು ಚರಿತ್ರೆಯುಂಟು.

ಬ್ರಿಟಿಷ್ ಇಂಡಿಯಾದ 1912ರ ಲ್ಯೂನಸಿ ಕಾನೂನಿನಲ್ಲಿ ರೋಗಿಯನ್ನು ಸೇರಿಸುವುದಕ್ಕೆ ಬಂಧುವಿನ ಅರ್ಜಿ, ವೈದ್ಯರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆಜ್ಞೆ ಇವೇ ಸಾಮಾನ್ಯ ಮಾರ್ಗವಾಗಿದ್ದವು. ರೋಗಿಯ ಮಾತಿಗೆ ಎಡೆ ಅಲ್ಪವಾಗಿದ್ದಿತು. ಮೈಸೂರು ಸರ್ಕಾರವು 1925ರಲ್ಲಿ ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನಿತ್ತಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೀಗೆ ಚಿಕಿತ್ಸೆಯೂ ಸಂಶೋಧನೆಯೂ ಒಂದೇ ಸೂರಿನಡಿ ಬಂದವು.

ಸಂಶೋಧನೆಯ ನೀತಿಯಾದರೋ ನಿಧಾನವಾಗಿ ಬೆಳೆಯಿತು. 1947ರ ನ್ಯೂರೆಂಬರ್ಗ್ ಸಂಹಿತೆಯು ಸ್ವಸಮ್ಮತಿಯನ್ನು ಕಡ್ಡಾಯಮಾಡಿತು. ಆದರೆ ಕಾನೂನಿನಂತೆ ಸಮ್ಮತಿ ಕೊಡಲಾರದ ಎಳೆಯರ ವಿಷಯವನ್ನು ಹೇಳಲಿಲ್ಲ. 1964ರ ಹೆಲ್ಸಿಂಕಿ ಘೋಷಣೆಯು ಪೋಷಕರ ಅನುಮತಿಯನ್ನು ಅಂಗೀಕರಿಸಿತು. 1983ರ ಪರಿಷ್ಕರಣದಲ್ಲಿ ಮಾತ್ರವೇ, ಸಮರ್ಥನಾದ ಬಾಲಕನ ಸಮ್ಮತಿಯನ್ನೂ ಪಡೆಯಬೇಕೆಂಬ ವಿಧಿ ಸೇರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಸೂತ್ರಗಳಂತೆ ಪೋಷಕರ ಅನುಮತಿಯೊಡನೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿಯೂ, 12ರಿಂದ 18ರವರ ಲಿಖಿತ ಸಮ್ಮತಿಯೂ ಬೇಕು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯು ಬರಿಯ ಸಂದರ್ಶನಕ್ಕೂ ರೋಗಿಯ ಸ್ವತಂತ್ರವಾದ, ತಿಳಿದು ಕೊಟ್ಟ ಒಪ್ಪಿಗೆಯನ್ನು ವಿಧಿಸಿತು.

ವಿಧಿಯುಂಟಾದ ಮಾತ್ರಕ್ಕೆ ಸಮ್ಮತಿ ನಿಜವಾಗದು. ಪೋಷಕರದನ್ನೂ ಬಾಲಕನದನ್ನೂ ನಾವು ಒಪ್ಪಿಗೆಯೆಂಬ ಒಂದೇ ಮಾತಿನಿಂದ ಹೇಳಿಬಿಡುತ್ತೇವೆ. ಭೇದವು ಅಲ್ಲಿಯೇ ಅಳಿಯುತ್ತದೆ. ಮೊದಲನೆಯದನ್ನು ಅನುಮತಿಯೆಂದೂ ಎರಡನೆಯದನ್ನು ಸಮ್ಮತಿಯೆಂದೂ ಕರೆಯುವುದು ಯುಕ್ತ. ತಂದೆಯ ಎದುರಿನಲ್ಲಿ, ಮದ್ದು ಕೊಡುವ ವೈದ್ಯರಿಗೇ ಬಾಲಕನು ಹೇಳುವ "ಹೂಂ" ಎಂಬುದು ಭಯವೂ ಆಗಿರಬಹುದು. ಒಲ್ಲೆನೆಂದರೂ ಚಿಕಿತ್ಸೆ ನಿಲ್ಲದೆಂದು ಅವನಿಗೆ ಮನೆಮಾತಿನಲ್ಲಿ ಮೊದಲೇ ತಿಳಿಸಬೇಕು. ಅವನು ನುಡಿದದ್ದು ನೆರೆಹೊರೆಗೆ ತಿಳಿಯದೆಂಬ ಭರವಸೆಯನ್ನು ಕೊಡಬೇಕು. ಪ್ರಾಣಾಪಾಯದ ಸೂಚನೆ ಕಂಡಲ್ಲಿ ಗುಟ್ಟು ನಿಲ್ಲದೆಂಬುದನ್ನೂ ಮುಚ್ಚಬಾರದು.

ಶತಮಾನದ ಹಿಂದೆ ಬಂಧುವಿನ ಅರ್ಜಿಯೇ ರೋಗಿಯ ಪರವಾಗಿ ಮಾತನಾಡುತ್ತಿದ್ದಿತು. ಇಂದು ಬಾಲಕನ ರುಜುವಿಗೆ ಸ್ಥಳವುಂಟು. ಆ ರುಜುವಿನ ಹಿಂದೆ ಅವನ ಅರಿವೂ ಇರುವಂತೆ ನೋಡಿಕೊಳ್ಳುವುದು ಕೇಳುವವರ ಹೊಣೆ.