ಕಡಿದ ಬ್ಯಾಕ್‌ಲಿಂಕ್‌ಗಳ ಮರುಜೋಡಣೆ: ಡಿಎಲ್‌ಐ ವಿಳಾಸಗಳನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯೂ ಸೇರಿದಂತೆ ಮಧುಗಿರಿ, ಪಾವಗಡ ಸೀಮೆಯ ಶಾಸನಾಧ್ಯಯನಕ್ಕೆ ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ (1904) ಮೂಲ ಆಕರಗಳಲ್ಲೊಂದು. ಇಂಥ ಹಳೆಯ ಗ್ರಂಥಗಳನ್ನು ಉಲ್ಲೇಖಿಸುವ ಅಂತರ್ಜಾಲ ಬರಹಗಳಲ್ಲಿ ಅನೇಕವು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ (ಡಿಎಲ್‌ಐ) ಪುಟಗಳಿಗೆ ಕೊಂಡಿ ಕೊಟ್ಟಿದ್ದವು. 2017ರಲ್ಲಿ ಆ ತಾಣ ಓದುಗರಿಗೆ ಸಿಗದಂತಾಯಿತು. ಅದರ ಸ್ಕ್ಯಾನ್ ಪ್ರತಿಗಳ ದೊಡ್ಡ ಭಾಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿದೆ.

2. ಕೊಂಡಿ ಕಡಿದದ್ದು ಎಲ್ಲಿ

ಕೊಂಡಿ ಕೊಟ್ಟ ಪುಟವೇ ಅಳಿದಿರಬಹುದು. ಪುಟ ಉಳಿದು ಕೊಂಡಿ ಮಾತ್ರ ಹೋಗಿರಬಹುದು. ಇಲ್ಲವೇ ಕೊಂಡಿ ತಲುಪಬೇಕಾದ ಪುಟ ಜಾಗ ಬದಲಿಸಿರಬಹುದು. ಕೊನೆಯ ಸಂದರ್ಭದಲ್ಲಿ, ಹಳೆಯ ಡೊಮೇನ್ ಕೈಯಲ್ಲಿದ್ದರೆ, ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ 301 ಮರುನಿರ್ದೇಶನವೇ ಸಾಮಾನ್ಯವಾಗಿ ಸಾಕು. ಅದನ್ನು ಕನಿಷ್ಠ 1 ವರ್ಷವಾದರೂ ಉಳಿಸಬೇಕೆಂದು ಗೂಗಲ್ ಸೂಚಿಸುತ್ತದೆ. ಡಿಎಲ್‌ಐ ವಿಷಯದಲ್ಲಿ ಸರ್ವರೇ ನಿಂತದ್ದರಿಂದ ಈ ದಾರಿ ಇಲ್ಲ. ತಿದ್ದುಪಡಿ ಆಗಬೇಕಾದದ್ದು ಕೊಂಡಿ ಕೊಟ್ಟವರ ಪುಟದಲ್ಲೇ.

3. ವಿಳಾಸದ ಮೂರು ರೂಪಗಳು

(ಅ) ‘ಹ್ಯಾಂಡಲ್/2015/’ ಎಂಬುದರ ಮುಂದೆ ಒಂದು ಸಂಖ್ಯೆ ಇರುವವು. ಆರ್ಕೈವ್‌ನಲ್ಲಿ ಅದೇ ಪ್ರತಿಯ ಗುರುತು ‘ಇನ್.ಅರ್ನೆಟ್.ಡಿಎಲ್‌ಐ.2015’ ಎಂದು ಆರಂಭವಾಗಿ ಅದೇ ಸಂಖ್ಯೆಯಲ್ಲಿ ಮುಗಿಯುತ್ತದೆ. ಪ್ರತಿ ಅಲ್ಲಿಗೆ ಸೇರಿದ್ದಲ್ಲಿ ಈ ಪರಿವರ್ತನೆ ಬಹುಮಟ್ಟಿಗೆ ಯಾಂತ್ರಿಕ. ಇಷ್ಟು ನೇರವಾದ ಮರುಜೋಡಣೆ ಅಪರೂಪವೆಂದೇ ಹೇಳಬೇಕು.

(ಆ) ‘ಬಾರ್‌ಕೋಡ್’ ಸಂಖ್ಯೆ ಮಾತ್ರ ಇರುವ ಹಳೆಯ ವಿಳಾಸಗಳು. ಈ ಸಂಖ್ಯೆ ಆರ್ಕೈವ್‌ನ ಗುರುತಿನಲ್ಲಿ ಬರುವುದಿಲ್ಲ. ಆದರೆ ಪ್ರತಿಯ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ದಾಖಲಾಗಿರುತ್ತದೆ. ಅಲ್ಲಿ ಹುಡುಕಿ ಹೊಂದಿಸಬೇಕು.

(ಇ) ಕಡತದ ದಾರಿಯಷ್ಟೇ ಇರುವವು. ಇಲ್ಲಿ ಗ್ರಂಥದ ಹೆಸರು, ಸಂಪುಟ, ಮುದ್ರಣವರ್ಷಗಳನ್ನು ಕೊಂಡಿ ಇದ್ದ ವಾಕ್ಯದಿಂದಲೇ ಊಹಿಸಬೇಕಾಗುತ್ತದೆ. ಫಲಿತಾಂಶವನ್ನು ‘ಸಂಭಾವ್ಯ’ ಎಂದಷ್ಟೇ ಗುರುತಿಸುವುದು ಸರಿ.

ಒಂದೇ ಗ್ರಂಥದ ಹಲವು ಸ್ಕ್ಯಾನ್‌ಗಳಿರುವುದರಿಂದ ಮುಖಪುಟ ಮತ್ತು ಪುಟಸಂಖ್ಯೆಗಳನ್ನು ತಾಳೆ ನೋಡದೆ ಯಾವ ಕೊಂಡಿಯನ್ನೂ ಬದಲಿಸಬಾರದು.

4. ಕಾಗುಣಿತ

(ಇ) ವರ್ಗದ ಹುಡುಕಾಟದಲ್ಲಿ ಸ್ಥಳನಾಮಗಳೇ ದಾರಿ ತಪ್ಪಿಸುತ್ತವೆ. 1904ರ ಸಂಪುಟದಲ್ಲಿ ಮಧುಗಿರಿ ‘ಮದ್ದಗಿರಿ’. ಶಿರಾಕ್ಕೆ ಸಿರಾ ಎಂಬ ರೂಪವೂ ಬಳಕೆಯಲ್ಲಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ‘ತುಮಕೂರು’ ಅಧಿಕೃತ ರೂಪವಾದರೂ ಹಳೆಯ ವಿವರಪಟ್ಟಿಗಳಲ್ಲಿ ‘ಟುಮ್ಕೂರ್’ ಉಳಿದಿದೆ. ಎರಡೂ ರೂಪಗಳಲ್ಲಿ ಹುಡುಕದಿದ್ದರೆ ‘ಸಿಗಲಿಲ್ಲ’ ಎಂಬ ತೀರ್ಮಾನಕ್ಕೆ ಬೆಲೆಯಿಲ್ಲ.

5. ಜಾಡು ಹಿಡಿಯುವಲ್ಲಿನ ಮಿತಿಗಳು

ಸ್ವಂತ ತಾಣಕ್ಕೆ ಬರುವ ಕೊಂಡಿಗಳನ್ನು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ಕೊಂಡಿಪಟ್ಟಿ ಸಮಗ್ರವಲ್ಲ. ಕಳೆದುಹೋದವನ್ನು ಬೇರೆಯಾಗಿ ತೋರಿಸುವುದೂ ಇಲ್ಲ. ಪಟ್ಟಿಯನ್ನು ದಿನಾಂಕ ಸಹಿತ ಇಳಿಸಿಟ್ಟು ಹಿಂದಿನದರೊಂದಿಗೆ ಹೋಲಿಸಿದಾಗಷ್ಟೇ ನಷ್ಟದ ಅಂದಾಜು ಸಿಗುತ್ತದೆ. ಒಮ್ಮೆ ತೆರೆಯದ ಪುಟವನ್ನು ‘ಕಳೆದದ್ದು’ ಎಂದು ಬರೆಯುವುದೂ ಅವಸರವಾದೀತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಿಂದ ಇಂಟರ್‌ನೆಟ್ ಆರ್ಕೈವ್ ಕೆಲ ದಿನ ಸ್ಥಗಿತಗೊಂಡು ಮತ್ತೆ ತೆರೆಯಿತು. ಆ ದಿನಗಳಲ್ಲಿ ಪರೀಕ್ಷಿಸಿದವರಿಗೆ ಮೇಲಿನ (ಅ) ವರ್ಗದ ಸರಿಯಾದ ಕೊಂಡಿಗಳೂ ಸತ್ತಂತೆಯೇ ಕಂಡಿರಬೇಕು. ಬೇರೆ ಬೇರೆ ದಿನ ಪರೀಕ್ಷಿಸುವುದು ಲೇಸು.

ಈ ಸೀಮೆಯ ಶಾಸನಗಳ ಬಗ್ಗೆ ಬರೆಯುವವರು ಕೊಂಡಿಯ ಜೊತೆಗೆ ಸಂಪುಟ, ತಾಲ್ಲೂಕು, ಶಾಸನಸಂಖ್ಯೆ, ಮುದ್ರಣವರ್ಷ ಇವಿಷ್ಟನ್ನೂ ಪಠ್ಯದಲ್ಲೇ ನಮೂದಿಸಬೇಕೆಂದು ಕೋರಿಕೆ.