ಖಾಲಿ ಡಬ್ಬಿ ಯಾರದು?

ಟೂತ್‌ಪೇಸ್ಟ್ ಕೊಂಡಾಗ ಟ್ಯೂಬಿನ ಜೊತೆ ರಟ್ಟಿನ ಡಬ್ಬಿಯೂ ಬರುತ್ತದೆ. ಮನೆ ಸೇರಿದ ಮರುಗಳಿಗೆ ಅದು ಕಸ. ಈ ಕಸ ಯಾರದು? ಕೊಂಡ ನಿಮ್ಮದೋ, ಗುಡಿಸುವ ನಗರಸಭೆಯದೋ, ತಯಾರಿಸಿದ ಕಂಪನಿಯದೋ? ಬಹುಕಾಲ ಹೆಚ್ಚಿನ ದೇಶಗಳು ಇದನ್ನು ನಗರಸಭೆಯ ಪಾಡಿಗೇ ಬಿಟ್ಟಿದ್ದವು. ಖರ್ಚು ಮಾತ್ರ ತೆರಿಗೆದಾರನದು.

1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ತಮ್ಮ ಸರ್ಕಾರದ ಪರಿಸರ ಸಚಿವಾಲಯಕ್ಕೆ ಬರೆದ ವರದಿಯಲ್ಲಿ ಹೊಸ ವಿಚಾರವೊಂದನ್ನು ಮುಂದಿಟ್ಟರು: ಉತ್ಪಾದಕರ ವಿಸ್ತೃತ ಹೊಣೆಗಾರಿಕೆ. ವಸ್ತು ಮಾರಾಟವಾದೊಡನೆ ತಯಾರಕನ ಹೊಣೆ ಮುಗಿಯುವುದಿಲ್ಲ. ಅದು ಹಳತಾಗಿ ಮೂಲೆ ಸೇರಿದ ಮೇಲೂ ಉಳಿಯುತ್ತದೆ. ವಿಲೇವಾರಿಯ ಖರ್ಚು ತನ್ನ ತಲೆಗೇ ಬರುವುದಾದರೆ, ಕಂಪನಿಯು ಬಿಚ್ಚಲು ಸುಲಭವಾದ, ಕಡಿಮೆ ಕಸದ ವಸ್ತುವನ್ನೇ ರೂಪಿಸೀತು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಈ ಹೊಣೆಯನ್ನು ದೊಡ್ಡ ಪ್ರಮಾಣದಲ್ಲಿ ಕಾನೂನಾಗಿಸಿದ್ದು ಜರ್ಮನಿ. ಅಲ್ಲಿ ಕಸ ಹೂಳಲು ಜಾಗ ಸಾಲದಾಗಿತ್ತು. ಕ್ಲಾಸ್ ಟೋಪ್ಫರ್ ಪರಿಸರ ಸಚಿವರಾಗಿದ್ದಾಗ, 1991ರ ಜೂನ್‌ನಲ್ಲಿ, ಪ್ಯಾಕೇಜಿಂಗ್ ನಿಯಮ ಹೊರಬಿತ್ತು. 1992ರ ಏಪ್ರಿಲ್‌ನಿಂದ ಗ್ರಾಹಕರು ಹೊರಗಿನ ಡಬ್ಬಿಯನ್ನು ಅಂಗಡಿಯಲ್ಲೇ ಕಳಚಿಟ್ಟು ಬರಬಹುದಿತ್ತು. ಅಂಗಡಿಯವರಿಗೆ ರಾಶಿ ಬಿದ್ದ ಡಬ್ಬಿಗಳು ಬೇಡವಾದವು. ಎಷ್ಟೋ ಟೂತ್‌ಪೇಸ್ಟುಗಳು ಡಬ್ಬಿಯಿಲ್ಲದೆ ಬರತೊಡಗಿದವು!

ಒಳಗಿನ ಬಾಟಲಿ, ಪೊಟ್ಟಣಗಳನ್ನು ಸಂಗ್ರಹಿಸಲು ಉದ್ಯಮಗಳೇ ಕೂಡಿ ಒಂದು ಸಂಸ್ಥೆ ಕಟ್ಟಿಕೊಂಡಿದ್ದವು. ಶುಲ್ಕ ತೆತ್ತವರ ಪೊಟ್ಟಣದ ಮೇಲೆ 'ಹಸಿರು ಚುಕ್ಕೆ' ಇರುತ್ತಿತ್ತು. (ಮರುಬಳಕೆಯ ವಸ್ತುವಿನಿಂದ ಮಾಡಿದ್ದು ಎಂದು ಅದರ ಅರ್ಥವಲ್ಲ. ಶುಲ್ಕ ಕಟ್ಟಿದೆ ಎಂದಷ್ಟೇ.) ಜನ ಹಳದಿ ಚೀಲಗಳಲ್ಲಿ ನಿರೀಕ್ಷೆ ಮೀರಿ ತುಂಬಿಕೊಟ್ಟರು. ಶುಲ್ಕ ಕಟ್ಟದೆ ಚುಕ್ಕೆ ಹಾಕಿಕೊಂಡ ಕಂಪನಿಗಳೂ ಇದ್ದವು. 1993ರಲ್ಲಿ ಸಂಸ್ಥೆ ದಿವಾಳಿಯಂಚಿಗೆ ಬಂತು. ಅಷ್ಟು ಪ್ಲಾಸ್ಟಿಕ್ಕನ್ನು ಕರಗಿಸುವ ಕಾರ್ಖಾನೆಗಳಿರಲಿಲ್ಲ. ಕಸ ಗಡಿ ದಾಟಿತು. ನೆರೆಯವರು ಮುನಿದರು. 1994ರಲ್ಲಿ ಯುರೋಪಿಗೆಲ್ಲ ಅನ್ವಯಿಸುವ ನಿರ್ದೇಶನ ಬಂದದ್ದರ ಹಿಂದೆ ಈ ಗಲಾಟೆಯೂ ಇತ್ತು. ಎಡವಿದರೂ ಜರ್ಮನಿ ಸರಿಯಾದ ಪ್ರಶ್ನೆಯನ್ನೇ ಕೇಳಿತೆಂದು ನನ್ನ ಅನಿಸಿಕೆ.

ಮುಂದೆ ಸರದಿ ವಿದ್ಯುತ್ ಉಪಕರಣಗಳದು. ಜಪಾನಿನಲ್ಲಿ 2001ರಿಂದ ಟಿ.ವಿ., ಫ್ರಿಜ್, ಎ.ಸಿ., ವಾಷಿಂಗ್ ಮೆಷಿನ್‌ಗಳನ್ನು ತಯಾರಕರೇ ಮರುಬಳಕೆಗೆ ಒಳಪಡಿಸಬೇಕಾಯಿತು. ಆದರೆ ಬಿಸಾಡುವಾಗ ಹಣ ಕೊಡಬೇಕಾದವನು ಗ್ರಾಹಕ. ಹಣ ಉಳಿಸಲು ರಾತ್ರೋರಾತ್ರಿ ಎಲ್ಲೋ ಎಸೆದು ಬಂದವರೂ ಉಂಟು. ಭಾರತದ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. ಸಂಗ್ರಹಣೆಯ ಗುರಿ ಸೇರಿದ್ದು 2016ರ ನಿಯಮಗಳಲ್ಲಿ. 2023ರ ಏಪ್ರಿಲ್‌ನಿಂದ ಮತ್ತೆ ಹೊಸ ನಿಯಮಗಳಿವೆ.

ನಮ್ಮ ಮನೆಯ ಹಳೆಯ ಟಿ.ವಿ.ಯನ್ನು ಕೊನೆಗೆ ಒಯ್ದವನು ಗುಜರಿಯವನು. ಎಕ್ಸ್‌ರೇ ತಡೆಯಲೆಂದು ಪಿಕ್ಚರ್ ಟ್ಯೂಬಿನ ಗಾಜಿಗೆ ಸೀಸ ಬೆರೆಸುತ್ತಿದ್ದರು. ದೊಡ್ಡ ಟ್ಯೂಬಿನಲ್ಲಿ ಒಂದೆರಡು ಕಿಲೋ ಇರುವುದುಂಟು. ಅವನು ಬೀದಿಬದಿಯಲ್ಲೇ ಟ್ಯೂಬು ಒಡೆದು ತಾಮ್ರದ ಸುರುಳಿ ಬಿಡಿಸಿಕೊಂಡ. ಪೆಟ್ಟಿಗೆಯ ಬೆನ್ನಿಗೆ ಕಂಪನಿಯ ಹೆಸರಿನ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಆ ಕಂಪನಿ ಮುಚ್ಚಿ ಆಗಲೇ ಹಲವು ವರ್ಷಗಳಾಗಿದ್ದವು.