ಮನೆವೈದ್ಯನ ಆಯ್ಕೆ: ಒಂದು ಹಕ್ಕಿನ ಚರಿತ್ರೆ

ಮನೆಯ ಕೂಸಿಗೂ ಮುದುಕರಿಗೂ ಒಬ್ಬನೇ ವೈದ್ಯನನ್ನು ಗೊತ್ತುಮಾಡಿಕೊಳ್ಳುವುದು ನಮಗೆ ತೀರ ಸಹಜವೆಂದು ತೋರುತ್ತದೆ. ಕೂಲಿಯನ್ನೇ ನಂಬಿದ ಸಂಸಾರಗಳಿಗೆ ಈ ಸೌಕರ್ಯ ಒಂದೇ ಸಲಕ್ಕೆ ದೊರೆತದ್ದಲ್ಲ. ತನ್ನ ವೈದ್ಯನನ್ನು ತಾನೇ ಆರಿಸುವ ಸ್ವಾತಂತ್ರ್ಯ ಒಂದು. ಆ ವೈದ್ಯನು ಮನೆಮಂದಿಯನ್ನೆಲ್ಲ ನೋಡುವ ವ್ಯವಸ್ಥೆ ಮತ್ತೊಂದು. ಇವೆರಡೂ ಜೊತೆಯಾಗಿ ಬರಲಿಲ್ಲವೆಂಬುದಕ್ಕೆ ಬ್ರಿಟನ್ನಿನ ಚರಿತ್ರೆಯೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕಾರ್ಮಿಕರು ಪರಸ್ಪರ ಸಹಾಯ ಸಂಘಗಳಿಗೆ ವಂತಿಗೆ ತೆರುತ್ತಿದ್ದರು. ಸಾಮಾನ್ಯವಾಗಿ ಸಂಘವು ನೇಮಿಸಿದವನೇ ಸದಸ್ಯರ ವೈದ್ಯ. ವೈದ್ಯರಿಗೂ ಈ ಊಳಿಗ ಹಿಡಿಸಿರಲಿಲ್ಲ. ಲಾಯ್ಡ್ ಜಾರ್ಜರು 1911ರಲ್ಲಿ ರಾಷ್ಟ್ರೀಯ ವಿಮಾ ಕಾಯಿದೆಯನ್ನು ತಂದಾಗ ವೈದ್ಯರ ಸಂಘವು ಮುಂದಿಟ್ಟ ಬೇಡಿಕೆಗಳಲ್ಲಿ ರೋಗಿಯ ಮುಕ್ತ ಆಯ್ಕೆಯೂ ಒಂದಾಗಿತ್ತು. 1913ರ ಜನವರಿಯಿಂದ ವಿಮೆದಾರನು ಪಟ್ಟಿಯಲ್ಲಿದ್ದ ವೈದ್ಯರೊಳಗೆ ತನಗೆ ಬೇಕಾದವನನ್ನು ಆರಿಸಬಹುದಾಯಿತು. ಆದರೆ ಹಕ್ಕು ದುಡಿಯುವವರಿಗೆ ಮಾತ್ರ. ಸಂಬಳವಿಲ್ಲದ ಹೆಂಡತಿ, ಮಕ್ಕಳು ಹೊರಗೆ. ಗಂಡನ ಕೆಮ್ಮನ್ನು ವಿಮೆಯ ಲೆಕ್ಕದಲ್ಲಿ ನೋಡಿದ ವೈದ್ಯನೇ ಅದೇ ಮನೆಯ ಕೂಸಿನ ಕೆಮ್ಮಿಗೆ ಹಣ ಕೇಳಬೇಕಾಗುತ್ತಿತ್ತು. ಅಂಥ ಮನೆಯಲ್ಲಿ ತಾಯಿಯ ಬೇನೆಗೆ ಎಷ್ಟನೆಯ ಸರದಿಯೆಂದು ಊಹಿಸುವುದು ಕಷ್ಟವಲ್ಲ. ವಯಸ್ಸು, ಸಂಪಾದನೆಗಳ ಎಣಿಕೆಯಿಲ್ಲದೆ ಪ್ರತಿಯೊಬ್ಬರೂ ವೈದ್ಯನೊಬ್ಬನ ಪಟ್ಟಿಯಲ್ಲಿ ಹೆಸರು ಬರೆಸುವಂತಾದದ್ದು 1948ರ ಜುಲೈ 5ರಂದು, ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ. ನಡುವೆ 35 ವರ್ಷಗಳು ಕಳೆದಿದ್ದವು.

ಅದೇ 1948ರಲ್ಲಿ ನಮ್ಮ ದೇಶದಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂದಿತು. 1952ರಲ್ಲಿ ಕಾನಪುರ, ದೆಹಲಿಗಳಲ್ಲಿಯೂ 1954ರಲ್ಲಿ ಮುಂಬಯಿಯಲ್ಲಿಯೂ ಯೋಜನೆ ಆರಂಭವಾಯಿತು. ಮುಂಬಯಿಯಲ್ಲಿ ಅನುಸರಿಸಿದ್ದು ಪಟ್ಟಿಯ ಪದ್ಧತಿಯನ್ನೇ: ಗಿರಣಿಯ ಕೆಲಸಗಾರನು ಪಟ್ಟಿಯೊಳಗಿನ ಖಾಸಗಿ ವೈದ್ಯನೊಬ್ಬನನ್ನು ಆರಿಸಿ ಅವನ ದವಾಖಾನೆಗೆ ಹೋಗಬಹುದಿತ್ತು. ಇಲ್ಲಿಯೂ ಮೊದಲು ದುಡಿಯುವವನು, ಕುಟುಂಬ ಬಳಿಕ. ಬ್ರಿಟನ್ನಿನ ಅನುಭವ ಕಣ್ಣಮುಂದಿದ್ದೂ ಅದೇ ಮೆಟ್ಟಿಲುಗಳನ್ನು ಹತ್ತಬೇಕಾಗಿತ್ತೇ? ಹಣದ ಅಭಾವವೆಂಬುದು ಅರ್ಧ ಉತ್ತರ. ಸಂಬಳದಿಂದ ವಂತಿಗೆ ಮುರಿದುಕೊಳ್ಳುವ ವಿಮೆಯಲ್ಲಿ ಸಂಬಳವಿಲ್ಲದ ಜೀವ ಲೆಕ್ಕಕ್ಕೆ ತಡವಾಗಿಯೇ ಬರುತ್ತದೆಂಬುದು ಉಳಿದರ್ಧ.

ಪರಸ್ಥಳದ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಪಟ್ಟಿಯು ವೈದ್ಯನ ಹೆಸರು, ವಿಳಾಸಗಳನ್ನು ಹೇಳೀತು. ಅವನಿಗೆ ಯಾವ ಭಾಷೆ ತಿಳಿದೀತು? ಮಗನು ಗಿರಣಿಯಲ್ಲಿ ಮರಾಠಿ ಕಲಿತಾನು. ಊರಿನಿಂದ ಬಂದ ತಾಯಿ ತನ್ನ ಉಬ್ಬಸವನ್ನೂ ಹೊಟ್ಟೆಯ ಸಂಕಟವನ್ನೂ ಕನ್ನಡದಲ್ಲಲ್ಲದೆ ಹೇಗೆ ಹೇಳಿಯಾಳು? ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಶಾಲೆ, ಸಂಘ, ಹೋಟೆಲುಗಳೊಡನೆ ಕನ್ನಡ ಬಲ್ಲ ವೈದ್ಯರ ದವಾಖಾನೆಗಳನ್ನೂ ಗುರುತಿಸಬೇಕಾಗಿದೆ. ಹಳೆಯ ಔಷಧದ ಚೀಟಿಗಳು, ವಿಮೆಯ ಪುಸ್ತಕಗಳು ವಾಚಕರ ಮನೆಯ ಪೆಟ್ಟಿಗೆಗಳಲ್ಲಿ ಉಳಿದಿದ್ದರೆ ಈ ಕೆಲಸಕ್ಕೆ ಒದಗಿಯಾವು.